ಮಾಹಿತಿ ಕೊಟ್ಟವರ ಹೆಸರು



2024ರ ದೀಪಾವಳಿಗೆ ಮುನ್ನ ಹನುಮಂತನಗರದ ನಮ್ಮ ಮನೆಯ ಅಟ್ಟವನ್ನು ಶುಚಿಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಿತು. ನಿವೃತ್ತನಾದ ಮೇಲೆ ಇಂತಹ ಕೆಲಸಗಳಿಂದ ತಪ್ಪಿಸಿಕೊಳ್ಳಲು ನೆಪಗಳು ಉಳಿಯುವುದಿಲ್ಲ. ಕಬ್ಬಿಣದ ಟ್ರಂಕಿನ ತಳದಲ್ಲಿ, ಹಳೆಯ ಪ್ರಶ್ನಪತ್ರಿಕೆಗಳ ಕಟ್ಟಿನ ಕೆಳಗೆ, ಇನ್ನೂರು ಪುಟದ ಒಂದು ಗೆರೆಪುಸ್ತಕ ಸಿಕ್ಕಿತು. ಮೇಲೆ ನನ್ನದೇ ಅಕ್ಷರದಲ್ಲಿ "ಬಿಳಿಗಿರಿರಂಗನಬೆಟ್ಟ, ಶೈಕ್ಷಣಿಕ ಪ್ರವಾಸ, 1988" ಎಂದಿತ್ತು. ಅಟ್ಟದ ಕೆಲಸ ಅಲ್ಲಿಗೇ ನಿಂತಿತು. ನನ್ನ ಶ್ರೀಮತಿಯವರು ಎರಡು ಬಾರಿ ಕೂಗಿದ್ದು ಕೇಳಿಸಿದರೂ ನಾನು ಏಣಿಯ ಮೇಲೆಯೇ ಕುಳಿತು ಓದತೊಡಗಿದ್ದೆ.

ಆ ಪ್ರವಾಸಕ್ಕೆ ಬಂದಿದ್ದವರು ನಿಮ್ಮಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು. ಹತ್ತನೆಯ ತರಗತಿಯ ನಲವತ್ತೆರಡು ಮಂದಿ, ಇಬ್ಬರು ಅಧ್ಯಾಪಕರು, ಒಂದು ಬಾಡಿಗೆಯ ಬಸ್ಸು. ಯಳಂದೂರು ದಾಟಿ ಬೆಟ್ಟದ ತಿರುವುಗಳು ಆರಂಭವಾದೊಡನೆ ಹಿಂದಿನ ಸೀಟಿನವರೆಲ್ಲ ವಾಂತಿ ಮಾಡಿಕೊಂಡದ್ದು ನಿಮಗೆ ನೆನಪಿಲ್ಲದಿದ್ದರೂ ನನಗಿದೆ. ಮರುದಿನ ಬೆಳಿಗ್ಗೆ ದೊಡ್ಡ ಸಂಪಿಗೆ ಮರವನ್ನು ನೋಡಲು ಹೋದಾಗ ದಾರಿ ತೋರಿಸಲು ಒಬ್ಬ ಸೋಲಿಗ ಹಿರಿಯರು ನಮ್ಮೊಡನೆ ಬಂದರು. ಅರವತ್ತು ದಾಟಿದ ವಯಸ್ಸು, ಮೊಣಕಾಲಿನವರೆಗೆ ಪಂಚೆ, ಹೆಗಲ ಮೇಲೊಂದು ಕಂಬಳಿ. ಮೂರು ಗಂಟೆಗಳ ಆ ನಡಿಗೆಯಲ್ಲಿ ಅವರು ಒಂದೊಂದು ಗಿಡದ ಮುಂದೆಯೂ ನಿಂತು ಅದರ ಹೆಸರು, ಅದು ಹೂ ಬಿಡುವ ತಿಂಗಳು, ಅದನ್ನು ತಿನ್ನುವ ಪ್ರಾಣಿ, ಅದರಿಂದ ವಾಸಿಯಾಗುವ ಕಾಯಿಲೆ ಎಲ್ಲವನ್ನೂ ಹೇಳುತ್ತ ಹೋದರು. ನಾನು ಬರೆದುಕೊಳ್ಳುತ್ತ ಹೋದೆ. ಪುಸ್ತಕದಲ್ಲಿ ಈಗ ಎಣಿಸಿದರೆ ಎಪ್ಪತ್ತಮೂರು ಹೆಸರುಗಳಿವೆ.

ನಡುವೆ ಒಬ್ಬ ಹುಡುಗ (ಅವನ ಹೆಸರು ಬೇಡ, ಈಗ ದೊಡ್ಡ ಹುದ್ದೆಯಲ್ಲಿದ್ದಾನೆ) "ಸಾರ್, ಇವರು ಎಷ್ಟು ಓದಿದ್ದಾರೆ?" ಎಂದು ಕೇಳಿದ. ಪ್ರಶ್ನೆ ನಿಷ್ಕಪಟವಾಗಿತ್ತು. ನಾನು "ಏನೂ ಓದಿಲ್ಲಪ್ಪ, ಪಾಪ" ಎಂದೆ. ಆ ಹಿರಿಯರು ಪಕ್ಕದಲ್ಲಿಯೇ ಇದ್ದರು. ಅವರು ನನ್ನತ್ತ ನೋಡಿ, "ಹೌದು ಬುದ್ಧಿ, ಓದು ಇಲ್ಲ" ಎಂದು ಒಪ್ಪಿಕೊಂಡು ಮುಂದಿನ ಗಿಡದತ್ತ ನಡೆದರು. ಮೂವತ್ತೊಂದು ವರ್ಷದ ನನ್ನನ್ನು ಆ ವಯಸ್ಸಿನವರು "ಬುದ್ಧಿ" ಎಂದು ಸಂಬೋಧಿಸಿದ್ದು ಅಂದು ನನಗೆ ಸಹಜವಾಗಿಯೇ ತೋರಿತ್ತು. ಅದೇ ಈಗ ಹೆಚ್ಚು ನೋಯಿಸುತ್ತಿದೆ.

ಪ್ರವಾಸ ಮುಗಿದ ಮೇಲೆ ಶಾಲೆಯ ವಾರ್ಷಿಕ ಸಂಚಿಕೆಗೆ ಬಿಳಿಗಿರಿಯ ಸಸ್ಯಸಂಪತ್ತನ್ನು ಕುರಿತು ಒಂದು ಲೇಖನ ಬರೆದೆ. ಎಪ್ಪತ್ತಮೂರರಲ್ಲಿ ನಲವತ್ತು ಸಸ್ಯಗಳ ವಿವರ ಅದರಲ್ಲಿತ್ತು. ಎಲ್ಲರೂ ಮೆಚ್ಚಿದರು. ಲೇಖನದ ಕೆಳಗೆ ನನ್ನ ಹೆಸರು, ಪದವಿ ಸಹಿತ. ಕೊನೆಯ ಸಾಲಿನಲ್ಲಿ "ಸ್ಥಳೀಯ ಗಿರಿಜನರೊಬ್ಬರು ಮಾಹಿತಿ ನೀಡಿದರು" ಎಂದಿತ್ತು. ಗೆರೆಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿ ಹಾಕಿದೆ. ಗಿಡಗಳ ಹೆಸರಿದೆ, ಬಸ್ಸಿನ ಬಾಡಿಗೆಯ ಲೆಕ್ಕವಿದೆ, ಇಡ್ಲಿಯ ಲೆಕ್ಕವೂ ಇದೆ. ಆ ಹಿರಿಯರ ಹೆಸರು ಎಲ್ಲಿಯೂ ಇಲ್ಲ.

ಇದು ನನ್ನೊಬ್ಬನ ಮರೆವು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ನಾನು ಇತಿಹಾಸದ ಅಧ್ಯಾಪಕ. ಒಂದು ಅಭ್ಯಾಸ ಎಲ್ಲಿಂದ ಬಂದಿತೆಂದು ಹುಡುಕದೆ ಇರಲು ನನಗೆ ಆಗುವುದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸಂಚರಿಸಿದ. 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಸೋಲಿಗರ ಪ್ರಸ್ತಾಪವಿದೆ. ಅವರು ಏನು ಉಡುತ್ತಿದ್ದರು, ಹೇಗೆ ಮಲಗುತ್ತಿದ್ದರು ಎಂಬುದನ್ನು ಅವನು ಬರೆದ. ಅವರು ಏನು ಬಲ್ಲವರು ಎಂಬುದು ಅವನ ಪ್ರಶ್ನೆಯಾಗಿರಲಿಲ್ಲ. ಒಂದು ಶತಮಾನ ಕಳೆದ ಮೇಲೆ ಬ್ರಿಟಿಷ್ ಸರ್ಕಾರ ದೇಶದಾದ್ಯಂತ ಜನಾಂಗ ಸಮೀಕ್ಷೆಯನ್ನು ಕೈಗೊಂಡಿತು. ಮೈಸೂರು ಸಂಸ್ಥಾನದಲ್ಲಿ ಆ ಹೊಣೆ ಹೊತ್ತವರು ಎಚ್.ವಿ. ನಂಜುಂಡಯ್ಯನವರು.

ಈ ಹೆಸರನ್ನು ನಮ್ಮ ಬಸವನಗುಡಿ, ಚಾಮರಾಜಪೇಟೆಯ ಜನ ಗೌರವದಿಂದ ನೆನೆಯಬೇಕು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದಾಗ ಅದರ ಪ್ರಥಮ ಅಧ್ಯಕ್ಷರು ಅವರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಅದರ ಪ್ರಥಮ ಕುಲಪತಿಗಳೂ ಅವರೇ. 1920ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದ ಸಮೀಕ್ಷೆಯ ಕಾರ್ಯವನ್ನು ಪಾಲಕ್ಕಾಡಿನ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಮುಂದುವರಿಸಿದರು. ಮೈಸೂರಿನ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತ ನಾಲ್ಕು ಸಂಪುಟಗಳು 1928ರಿಂದ 1935ರ ನಡುವೆ ಮೈಸೂರು ವಿಶ್ವವಿದ್ಯಾನಿಲಯದಿಂದಲೇ ಹೊರಬಂದವು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ಕುಳಿತು ನಾನು ಆ ಸಂಪುಟಗಳನ್ನು ತಿರುವಿದ್ದೇನೆ. ಅಪಾರ ಶ್ರಮದ ಕೆಲಸ. ಮದುವೆಯ ಶಾಸ್ತ್ರ, ಸತ್ತವರ ಸಂಸ್ಕಾರ, ಕುಲಗಳ ಹೆಸರು ಎಲ್ಲವೂ ಇವೆ. ಅಂದು ಬರೆದಿಡದಿದ್ದರೆ ಎಷ್ಟೋ ಸಂಗತಿಗಳು ಇಂದು ನಮಗೆ ತಿಳಿಯುತ್ತಲೇ ಇರಲಿಲ್ಲ. ಆದ್ದರಿಂದ ನಂಜುಂಡಯ್ಯನವರನ್ನು ಇಂದಿನ ಅಳತೆಗೋಲಿನಿಂದ ಅಳೆದು ದೂರುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಒಂದು ಮಾತನ್ನು ಗಮನಿಸಲೇಬೇಕು. ನಮ್ಮ ನಾಡಿನ ಮೊದಲ ವಿಶ್ವವಿದ್ಯಾನಿಲಯಕ್ಕೂ ಕಾಡಿನ ಜನರಿಗೂ ಆದ ಮೊದಲ ಪರಿಚಯ ಈ ಬಗೆಯದು. ಒಬ್ಬರು ಬರೆಯುವವರು, ಇನ್ನೊಬ್ಬರು ಬರೆಯಿಸಿಕೊಳ್ಳುವವರು. ಅವರ ಮಕ್ಕಳು ಬಂದು ನಮ್ಮ ಬೆಂಚಿನ ಮೇಲೆ ಕೂರಬಹುದು, ಮುಂದೊಂದು ದಿನ ಅಧ್ಯಾಪಕರ ಕುರ್ಚಿಯಲ್ಲಿಯೂ ಕೂರಬಹುದು ಎಂಬ ಯೋಚನೆಗೆ ಆ ವ್ಯವಸ್ಥೆಯಲ್ಲಿ ಎಡೆಯಿರಲಿಲ್ಲ.

ಬೆಂಚಿನ ಮೇಲೆ ಕೂರುವುದಾದರೂ ಸುಲಭವೆ? ಹಳೆಯ ಬೆಂಗಳೂರಿನಲ್ಲಿ ಹಳ್ಳಿಯಿಂದ ಬಂದ ಬಡ ಹುಡುಗ ಓದಿದ್ದು ಹೇಗೆಂಬುದು ನಮ್ಮ ಬಂಧುಗಳಿಗೆ ಗೊತ್ತು. ನನ್ನ ತಂದೆಯವರು ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಅನ್ನಕ್ಕೂ ಜಾತಿಯ ಬಾಗಿಲಿತ್ತು ಎಂಬುದನ್ನು ಅವರು ತಮ್ಮ ಕೊನೆಗಾಲದಲ್ಲಿ ಒಪ್ಪಿಕೊಳ್ಳುತ್ತಿದ್ದರು. ಆಮೇಲೆ ಒಂದೊಂದು ಸಮುದಾಯವೂ ತನ್ನ ಸಂಘ, ತನ್ನ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಂಡಿತು. ಒಕ್ಕಲಿಗರ ಸಂಘ 1906ರಲ್ಲಿಯೇ ಹುಟ್ಟಿತು. ದಲಿತ ಮಕ್ಕಳಿಗೆ ಗೋಪಾಲಸ್ವಾಮಿ ಅಯ್ಯರ್ ಅವರಂಥವರು ಆಸರೆಯಾದರು. ಅವರ ಹೆಸರಿನ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ ಕವಿ ಸಿದ್ಧಲಿಂಗಯ್ಯನವರು ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರಾದರು, ಗ್ರಾಮದೇವತೆಗಳನ್ನು ಕುರಿತು ಸಂಶೋಧನೆ ಮಾಡಿದರು. ತಮ್ಮ ಕೇರಿಯ ದೇವರನ್ನು ತಾವೇ ಅಧ್ಯಯನ ಮಾಡುವುದು ಎಂತಹ ದೊಡ್ಡ ಬದಲಾವಣೆ ಎಂಬುದನ್ನು ಅವರು 2021ರಲ್ಲಿ ತೀರಿಕೊಂಡಾಗ ನಾನು ಮತ್ತೆ ಯೋಚಿಸಿದೆ. ಕಾಡಿನ ಮಕ್ಕಳಿಗೆ ಮಾತ್ರ ಪೇಟೆಯಲ್ಲಿ ಸಂಘವೂ ಇರಲಿಲ್ಲ, ಸಂಬಂಧಿಕರೂ ಇರಲಿಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬುಡಕಟ್ಟಿನವರಿಗೆ 1948ರ ಸುಮಾರಿಗೇ ದೊರೆಯತೊಡಗಿತಾದರೂ ಮೆಟ್ರಿಕ್ಕಿನವರೆಗೆ ಬಂದವರಿಗೆ ತಾನೆ ಅದು?

ವಿಶ್ವವಿದ್ಯಾನಿಲಯಗಳು ಕಣ್ಣು ತೆರೆದದ್ದು ಜಾನಪದದ ಮೂಲಕ. 1966ರಲ್ಲಿ ಮೈಸೂರಿನಲ್ಲಿ ದೇ. ಜವರೇಗೌಡರ ನೇತೃತ್ವದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾಯಿತು. ಜೀ.ಶಂ. ಪರಮಶಿವಯ್ಯನವರಂಥವರು ಊರೂರು ಅಲೆದು ಹಾಡು, ಕಥೆ, ವಸ್ತುಗಳನ್ನು ಸಂಗ್ರಹಿಸಿದರು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಚಂದ್ರಶೇಖರ ಕಂಬಾರರು ಅದರ ಪ್ರಥಮ ಕುಲಪತಿಗಳು. ಅಲ್ಲಿ ಬುಡಕಟ್ಟು ಅಧ್ಯಯನಕ್ಕೆಂದೇ ಒಂದು ವಿಭಾಗ ಬಂದಿತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಆಯಿತು.

ಇವುಗಳಲ್ಲಿ ನನ್ನ ಮನಸ್ಸನ್ನು ಬಹುವಾಗಿ ತಟ್ಟಿದ್ದು ದರೋಜಿ ಈರಮ್ಮನವರ ಸಂಗತಿ. ಸಂಡೂರು ಸೀಮೆಯ ದರೋಜಿಯವರು. ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದ ಹೆಣ್ಣುಮಗಳು. ಶಾಲೆಯ ಮುಖ ಕಂಡವರಲ್ಲ. ಬುರ್ರಕಥೆ ಹೇಳಿ ಬದುಕಿದವರು. ಅವರ ನೆನಪಿನಲ್ಲಿ ಹನ್ನೆರಡು ಕಾವ್ಯಗಳಿದ್ದವು. ಅಚ್ಚು ಹಾಕಿದರೆ ಏಳು ಸಾವಿರ ಪುಟಗಳಾಗುವಷ್ಟು. ಏಳು ಸಾವಿರ ಪುಟ! ನಾನು ಮೂವತ್ತೈದು ವರ್ಷ ಪಾಠ ಹೇಳಿಯೂ ಪಠ್ಯಪುಸ್ತಕ ನೋಡದೆ ಪಾಣಿಪತ್ ಕದನಗಳ ಇಸವಿಗಳನ್ನು ಹೇಳುವಾಗ ಒಮ್ಮೊಮ್ಮೆ ತಡವರಿಸುತ್ತಿದ್ದುದು ನಿಮಗೆ ಗೊತ್ತೇ ಇದೆ. 2003ರಲ್ಲಿ ಹಂಪಿಯ ವಿಶ್ವವಿದ್ಯಾಲಯ ಈರಮ್ಮನವರಿಗೆ ನಾಡೋಜ ಪದವಿ ನೀಡಿತು. 2014ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಓದು ಬಾರದವರಿಗೆ ವಿಶ್ವವಿದ್ಯಾಲಯವೊಂದು ತನ್ನ ಅತ್ಯುನ್ನತ ಗೌರವವನ್ನು ಕೊಟ್ಟಾಗ, "ಏನೂ ಓದಿಲ್ಲಪ್ಪ, ಪಾಪ" ಎಂದಿದ್ದ ಅಧ್ಯಾಪಕನಿಗೆ ಏನನಿಸಬೇಕೋ ಅದೇ ನನಗನಿಸಿತು.

ಆದರೂ ಗೌರವ ಪದವಿ ಬೇರೆ, ಸಂಶೋಧಕರ ಸ್ಥಾನ ಬೇರೆ. ಶಾಲು ಹೊದಿಸಿ ಮನೆಗೆ ಕಳಿಸುವುದರಲ್ಲಿ ನಾವು ಕನ್ನಡಿಗರು ಎತ್ತಿದ ಕೈ. ನಿಮ್ಮ ಬಗ್ಗೆ ನೀವೇ ಬರೆಯಿರಿ, ನಮ್ಮ ತಪ್ಪನ್ನು ತಿದ್ದಿರಿ ಎಂದು ಹೇಳಲು ಇನ್ನೂ ಸ್ವಲ್ಪ ದೊಡ್ಡ ಮನಸ್ಸು ಬೇಕು. ಅದಕ್ಕಾಗಿ ಮತ್ತೆ ಬಿಳಿಗಿರಿಗೇ ಬರುತ್ತೇನೆ.

ಬೆಟ್ಟದ ಅರಣ್ಯವನ್ನು 1974ರಲ್ಲಿ ಅಭಯಾರಣ್ಯವೆಂದು ಘೋಷಿಸಲಾಯಿತು. ಅಲ್ಲಿಂದ ಸೋಲಿಗರ ಬೇಸಾಯ ನಿಂತಿತು, ಬೇಟೆ ನಿಂತಿತು, ಅನೇಕ ಪೋಡುಗಳು ಎತ್ತಂಗಡಿಯಾದವು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಅವರು ಚಿಕಿತ್ಸೆಗೆಂದು ಹೋದವರು, ಶಾಲೆಯನ್ನೂ ತೆರೆದರು. 1994ರಲ್ಲಿ ಅವರಿಗೂ ಕೇಂದ್ರಕ್ಕೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ನಾನು ತರಗತಿಯಲ್ಲಿ ಆ ಸುದ್ದಿಯನ್ನು ಓದಿ ಹೇಳಿದ್ದೆ. ಸೋಲಿಗ ಮಕ್ಕಳ ಒಂದು ತಲೆಮಾರು ಮನೆಯ ಹತ್ತಿರವೇ ಅಕ್ಷರ ಕಲಿಯುವಂತಾಯಿತು.

ಆ ಸಮುದಾಯದಿಂದ ಬಂದವರು ಡಾ. ಸಿ. ಮಾದೇಗೌಡರು. ಸೋಲಿಗರಲ್ಲಿ ಡಾಕ್ಟರೇಟ್ ಪಡೆದ ಮೊದಲಿಗರು. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 2009ರಲ್ಲಿ ಅವರು ಮುಂಬಯಿಯ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪಾರಂಪರಿಕ ತಿಳಿವಳಿಕೆ ಹಾಗೂ ಅರಣ್ಯ ಸಂರಕ್ಷಣೆಯನ್ನು ಕುರಿತು ಬರೆದರು. ಬುಕಾನನ್ ಬರೆದ ಎರಡು ಶತಮಾನಗಳ ಮೇಲೆ ಆ ಬೆಟ್ಟದವರೊಬ್ಬರು ತಮ್ಮ ಕಾಡನ್ನು ಕುರಿತು ಪಂಡಿತರ ಪತ್ರಿಕೆಯಲ್ಲಿ ತಾವೇ ಬರೆದಿದ್ದರು.

ಅವರ ವಾದದ ಒಂದು ಭಾಗ ತರಗು ಬೆಂಕಿಗೆ ಸಂಬಂಧಿಸಿದ್ದು. ಕಾಡು ಪೂರ್ತಿ ಒಣಗುವ ಮೊದಲೇ ನೆಲದ ತರಗೆಲೆಗೆ ಸಣ್ಣ ಬೆಂಕಿ ಇಡುವುದು ಸೋಲಿಗರ ಪದ್ಧತಿಯಾಗಿತ್ತು. ಅದು ನೆಲಮಟ್ಟದಲ್ಲಿ ಹರಿದು ಆರಿಹೋಗುತ್ತದೆ, ಮರಕ್ಕೆ ಏರುವುದಿಲ್ಲ. ಹೊಸ ಹುಲ್ಲು ಚಿಗುರುತ್ತದೆ, ಕಳೆ ಸಾಯುತ್ತದೆ ಎಂಬುದು ಅವರ ತಿಳಿವಳಿಕೆ. ಕಾನೂನು ಅದನ್ನು ನಿಲ್ಲಿಸಿತು. ಆಮೇಲೆ ಲಂಟಾನ ಕಾಡನ್ನೆಲ್ಲ ಆವರಿಸಿತು. ನೆಲ್ಲಿಯ ಮರಗಳಿಗೆ ಬಂದಳಿಕೆ ಹಬ್ಬಿತು. ಇವೆರಡಕ್ಕೂ ಬೆಂಕಿ ನಿಂತದ್ದೇ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದರು. 2010ರಲ್ಲಿ ನೆಲ್ಲಿಯ ಬಂದಳಿಕೆಯನ್ನು ಕುರಿತು, 2012ರಲ್ಲಿ ಲಂಟಾನವನ್ನು ಕುರಿತು ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನಗಳು ಆ ಮಾತನ್ನು ಗಂಭೀರವಾಗಿ ಪರಿಗಣಿಸಿದವು. ಕಾಡಿಗೆ ಬೆಂಕಿ ಇಡುವುದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಬೇಸಿಗೆಯ ಕಾಳ್ಗಿಚ್ಚು ಬೇರೆ, ತರಗು ಬೆಂಕಿ ಬೇರೆ. ಅವೆರಡರ ವ್ಯತ್ಯಾಸ ಬಲ್ಲವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಈಗ ನನ್ನ ಗೆರೆಪುಸ್ತಕದ ಇಪ್ಪತ್ತೊಂದನೆಯ ಪುಟಕ್ಕೆ ಬರುತ್ತೇನೆ. ಅಲ್ಲಿ ನಾನು "ಉಪ್ಪಿನ ಬಳ್ಳಿ. ನೆಲ್ಲಿ ಮರದ ಮೇಲೆ ಬೆಳೆಯುತ್ತದೆ. ಬೆಂಕಿ ಇಡದೆ ಹೋದರೆ ಇದು ಹೆಚ್ಚುತ್ತದಂತೆ, ಮರ ಸಾಯುತ್ತದಂತೆ" ಎಂದು ಬರೆದಿದ್ದೇನೆ. ಪಕ್ಕದಲ್ಲಿ ಆವರಣದೊಳಗೆ ಒಂದು ಪದ: "ಮೂಢನಂಬಿಕೆ". ಲೇಖನದಲ್ಲಿ ಈ ಗಿಡವನ್ನು ಸೇರಿಸಿರಲಿಲ್ಲ. 1988ರಲ್ಲಿ ಆ ಹಿರಿಯರು ಹೇಳಿದ್ದನ್ನು ವಿಜ್ಞಾನದ ಪತ್ರಿಕೆಗಳು ಕಿವಿಗೊಟ್ಟು ಕೇಳಲು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನನ್ನ ಕೈಯಲ್ಲಿ ಅದು ಅಂದೇ ಇತ್ತು, ನಾನು ಅದರ ಮೇಲೆ ಷರಾ ಬರೆದು ಟ್ರಂಕಿಗೆ ಹಾಕಿದ್ದೆ.

2011ರ ವರ್ಷ ಬೆಟ್ಟದ ಇತಿಹಾಸದಲ್ಲಿ ಮುಖ್ಯವಾದುದು. ಜನವರಿಯಲ್ಲಿ ಆ ಅರಣ್ಯವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಸೋಲಿಗರು ಮತ್ತೊಮ್ಮೆ ಹೊರಹೋಗಬೇಕಾದೀತೆಂಬ ಭಯ ಎದ್ದಿತು. ಅದಕ್ಕೆ ಮೊದಲೇ ಸೋಲಿಗರೂ ಏಟ್ರೀ ಸಂಶೋಧಕರೂ ಸೇರಿ ಕಾಡಿನೊಳಗಿನ ಪವಿತ್ರ ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದ್ದರು. ಒಂದೊಂದು ಕುಲಕ್ಕೂ ಒಂದೊಂದು ಎಲ್ಲೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ. ಸರ್ಕಾರದ ನಕ್ಷೆಯಲ್ಲಿ ಹಸಿರು ಬಣ್ಣದ ಖಾಲಿ ಜಾಗವಾಗಿದ್ದಲ್ಲಿ ನೂರಾರು ಹೆಸರುಗಳು ಮೂಡಿದವು. ಅದೇ ವರ್ಷ ಅಕ್ಟೋಬರ್ 2ರಂದು, 2006ರ ಅರಣ್ಯ ಹಕ್ಕು ಕಾಯಿದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಹಕ್ಕು ಮಾನ್ಯವಾದದ್ದು ದೇಶದಲ್ಲಿಯೇ ಮೊದಲು. ಓದು ಏತಕ್ಕೆ ಬೇಕು ಎಂದು ಹಾಡಿಯ ತಾಯಿಯೊಬ್ಬಳು ಕೇಳಿದರೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಅಮೆರಿಕದ ಅರಿಜೋನಾದಲ್ಲಿರುವ ನನ್ನ ಶಿಷ್ಯೆಯೊಬ್ಬಳೊಂದಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ, ಅವಳು ತನ್ನ ಊರಿನಿಂದ ಕೆಲವು ಗಂಟೆಗಳ ದೂರದಲ್ಲಿ ನವಾಹೋ ಜನರದೇ ಕಾಲೇಜು ಇದೆಯೆಂದು ತಿಳಿಸಿದಳು. 1968ರಲ್ಲಿ ಆರಂಭವಾದದ್ದು, ಆ ದೇಶದಲ್ಲಿ ಮೂಲನಿವಾಸಿಗಳು ತಾವೇ ನಡೆಸುವ ಕಾಲೇಜುಗಳಲ್ಲಿ ಮೊದಲನೆಯದು. ನ್ಯೂಜಿಲೆಂಡಿನ ಮಾವೊರಿ ಜನರು 1980ರ ದಶಕದಲ್ಲಿ ತಮ್ಮದೇ ಉನ್ನತ ವಿದ್ಯಾಸಂಸ್ಥೆಗಳನ್ನು ಕಟ್ಟಿಕೊಂಡರು. ಅವರಲ್ಲಿ ಲಿಂಡಾ ತುಹಿವಾಯ್ ಸ್ಮಿತ್ ಎಂಬ ವಿದುಷಿ 1999ರಲ್ಲಿ ಬರೆದ ಪುಸ್ತಕ, ಸಂಶೋಧನೆಯೆಂಬ ಕೆಲಸವೇ ಮೂಲನಿವಾಸಿಗಳನ್ನು ಹೇಗೆ ವಸ್ತುವಾಗಿಸಿತು ಎಂಬುದನ್ನು ವಿವೇಚಿಸುತ್ತದೆ. ನಮ್ಮ ದೇಶದಲ್ಲಿಯೂ ಅಮರಕಂಟಕದಲ್ಲಿ ಬುಡಕಟ್ಟು ವಿಶ್ವವಿದ್ಯಾಲಯವಿದೆ. ಕರ್ನಾಟಕದಲ್ಲಿ 2011ರ ಜನಗಣತಿಯಂತೆ ಪರಿಶಿಷ್ಟ ಪಂಗಡದವರು ಶೇಕಡ 6.95. ಆದರೆ ಆ ಸಂಖ್ಯೆಯೊಳಗೆ ಜೇನುಕುರುಬರೂ ಕೊರಗರೂ ಬಹಳ ಸಣ್ಣ ಪಾಲು. ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ನಮಗೆ 2000ದಲ್ಲಿ ಒಂದು ಕಾಯಿದೆಯೇ ಬೇಕಾಯಿತು ಎಂದರೆ, ಅವರ ಮಗುವೊಂದು ಎಂ.ಎ. ತರಗತಿಯವರೆಗೆ ಬರಲು ಎಷ್ಟು ಹೊಸ್ತಿಲು ದಾಟಬೇಕೆಂದು ಊಹಿಸಿ.

2025ರ ಜನವರಿಯಲ್ಲಿ ಗೆರೆಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ನಾನೂ ನನ್ನ ಶ್ರೀಮತಿಯವರೂ ಬೆಟ್ಟಕ್ಕೆ ಹೋದೆವು. ಪೋಡೊಂದರಲ್ಲಿ ಪದವೀಧರನಾದ ಒಬ್ಬ ಸೋಲಿಗ ಯುವಕನ ಪರಿಚಯವಾಯಿತು. ಮನೆಯ ಮುಂದಿನ ಜಗುಲಿಯಲ್ಲಿ ಕುಳಿತು ಪುಸ್ತಕವನ್ನು ಮೊದಲಿನಿಂದ ಓದಿದ. ಅವನ ಅಜ್ಜಿಯನ್ನೂ ಕರೆದು ಒಂದೊಂದು ಹೆಸರನ್ನೂ ಗಟ್ಟಿಯಾಗಿ ಹೇಳಿದ. ಅಜ್ಜಿ ಕೆಲವಕ್ಕೆ ತಲೆಯಾಡಿಸಿದರು, ಕೆಲವಕ್ಕೆ ನಕ್ಕರು. ಇಪ್ಪತ್ತೊಂದನೆಯ ಪುಟಕ್ಕೆ ಬಂದಾಗ ಯುವಕ, "ಸಾರ್, ಇದು ಉಪ್ಪಿನ ಬಳ್ಳಿ ಅಲ್ಲ, ಉಪ್ಪಿಲು. ನಿಮಗೆ ಸರಿಯಾಗಿ ಕೇಳಿಸಿಲ್ಲ" ಎಂದ. ಆವರಣದ ಪದವನ್ನೂ ಓದಿದ. ಅದರ ಬಗ್ಗೆ ಏನೂ ಹೇಳಲಿಲ್ಲ. ಅವನು ಹೇಳದೆ ಬಿಟ್ಟದ್ದಕ್ಕೆ ನಾನು ತಲೆ ತಗ್ಗಿಸಿದೆ.

ನಾನು ಅವನ ಕೈಗೆ ನನ್ನ ಕೆಂಪು ಪೆನ್ನು ಕೊಟ್ಟೆ. (ಅದು ಇಂದಿಗೂ ನನ್ನ ಜೇಬಿನಲ್ಲಿರುತ್ತದೆ, ನಿಮಗೆ ಆಶ್ಚರ್ಯವಾಗಲಾರದು.) ಎಪ್ಪತ್ತಮೂರರಲ್ಲಿ ಹತ್ತೊಂಬತ್ತು ಹೆಸರುಗಳನ್ನು ತಿದ್ದಿದ. ಎರಡು ಗಿಡಗಳು ಈಗ ಆ ಭಾಗದಲ್ಲಿ ಕಾಣುತ್ತಿಲ್ಲವೆಂದು ಅಜ್ಜಿ ಹೇಳಿದರು. ಅವಕ್ಕೂ ಗುರುತು ಹಾಕಿದ. ಕೊನೆಗೆ "ಇದರ ಜೆರಾಕ್ಸ್ ಕೊಡ್ತೀರಾ ಸಾರ್? ನಮ್ಮ ಹುಡುಗರು ಗಿಡಗಳ ಹೆಸರನ್ನೆಲ್ಲ ಬರೆದಿಡುತ್ತಿದ್ದಾರೆ" ಎಂದು ಕೇಳಿದ. ಯಳಂದೂರಿಗೆ ಇಳಿದು ಪೂರ್ತಿ ಪುಸ್ತಕದ ಜೆರಾಕ್ಸ್ ಮಾಡಿಸಿದೆ. ಮೂಲವನ್ನು ಅವನಿಗೆ ಕೊಟ್ಟು, ಪ್ರತಿಯನ್ನು ನಾನಿಟ್ಟುಕೊಂಡೆ.

"ಹೇಳಿದವರು ಯಾರು ಸಾರ್?" ಎಂದು ಅಜ್ಜಿಯೂ ಮೊಮ್ಮಗನೂ ಕೇಳಿದರು. ಕಂಬಳಿ, ಎತ್ತರ, ಮಾತಿನ ರೀತಿ ಎಲ್ಲವನ್ನೂ ವಿವರಿಸಿದೆ. ಅಜ್ಜಿ ಮೂವರ ಹೆಸರು ಹೇಳಿದರು. ಮೂವರೂ ಈಗಿಲ್ಲ. ಅವರಲ್ಲಿ ಯಾರೆಂದು ನಿರ್ಧರಿಸಲು ನನ್ನಲ್ಲಿ ಆಧಾರವಿಲ್ಲ. ಜೆರಾಕ್ಸ್ ಪ್ರತಿಯ ಮೊದಲ ಪುಟದಲ್ಲಿ, ನನ್ನ ಹೆಸರಿನ ಮೇಲೆ, ಒಂದು ಸಾಲು ಖಾಲಿ ಬಿಟ್ಟಿದ್ದೇನೆ.

ಆದ್ದರಿಂದ 1988ರ ತಂಡದವರಲ್ಲಿ ನನ್ನದೊಂದು ವಿನಂತಿ. ದೊಡ್ಡ ಸಂಪಿಗೆಯ ಬುಡದಲ್ಲಿ ನಾವೆಲ್ಲ ನಿಂತು ಒಂದು ಫೋಟೋ ತೆಗೆಸಿಕೊಂಡಿದ್ದೆವು. ಕ್ಯಾಮೆರಾ ತಂದಿದ್ದವನು ಚಾಮರಾಜಪೇಟೆಯ ಹುಡುಗ. ಎಲ್ಲರಿಗೂ ಪ್ರತಿ ಹಂಚಿದ್ದ. ಬಲತುದಿಯಲ್ಲಿ, ಸ್ವಲ್ಪ ದೂರದಲ್ಲಿ, ಆ ಹಿರಿಯರು ನಿಂತಿದ್ದಾರೆಂದು ನನಗೆ ನೆನಪು. ನನ್ನ ಪ್ರತಿ ಮನೆ ಬದಲಾಯಿಸುವಾಗ ಕಳೆದುಹೋಗಿದೆ. ಯಾರ ಆಲ್ಬಮ್ಮಿನಲ್ಲಾದರೂ ಇದ್ದರೆ ದಯವಿಟ್ಟು ಕಳುಹಿಸಿರಿ. ಅಜ್ಜಿಗೆ ಎಂಬತ್ತು ದಾಟಿದೆ. ಮುಖ ನೋಡಿದರೆ ಗುರುತಿಸುತ್ತೇನೆ ಎಂದಿದ್ದಾರೆ.